ಮಗ್ಗದ ಗುಂಡಿ ಬಿಟ್ಟು ಬಂಡೆ ಏರಿದ ಲೇತು

ಬೆಳಗಿನ ಜಾವ. ಮೊಳಕಾಲ್ಮೂರಿನ ಬೆಟ್ಟದ ಬುಡದ ಕೇರಿಯಲ್ಲಿ ಇನ್ನೂ ಯಾರ ಮನೆಯ ಮುಂದೂ ನೀರು ಬಿದ್ದಿಲ್ಲ. ಕ್ಯಾತಣ್ಣ ಹಿತ್ತಿಲ ಬಾಗಿಲು ತೆಗೆದು ತಗಡಿನ ಸೂರಿನ ಕೆಳಗೆ ಬಂದು ನಿಲ್ಲುತ್ತಾರೆ. ಅಲ್ಲಿ ಒಂದು ಹಳೇ ತಂತಿ ಬಲ್ಬು ನೇತಾಡುತ್ತಿದೆ. ಎಲ್ಲರ ಮನೆಗೂ ಹೊಸ ನಮೂನೆಯ ಬಲ್ಬು ಬಂದಿದ್ದರೂ ಇದನ್ನು ಅವರು ಬದಲಿಸಿಲ್ಲ. ಇದು ಬೆಳಕಿಗಾಗಿ ಇರುವ ಬಲ್ಬಲ್ಲ. ಬೆಳ್ಳಗೆ ಉರಿದರೆ ಕರೆಂಟಿಗೆ ಜೀವ ಇದೆ ಅಂತ ಲೆಕ್ಕ. ಕೆಂಪಗೆ ಕಂತಿದ್ದರೆ ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು, ಬಾಗಿಲು ಹಾಕಿಕೊಂಡು ಮತ್ತೆ ಮಲಗಬಹುದು.

ಇವತ್ತು ಬೆಳ್ಳಗಿದೆ. ಕ್ಯಾತಣ್ಣ ಮೋಟರಿನ ಸ್ವಿಚ್ಚು ಹಾಕುತ್ತಾರೆ. ಮೋಟರು ಗುಂಯ್‌ಗುಟ್ಟಿ ಎದ್ದು ಖಾಲಿ ತಿರುಗುತ್ತದೆ. ಅದರ ಉಸಿರು ಸಮಕ್ಕೆ ಬರುವತನಕ ಕಾದು, ಕೈಯಲ್ಲಿರುವ ಜಾಲಿ ಕೋಲಿನಿಂದ ಅಗಲವಾದ ಬೆಲ್ಟನ್ನು ಮೆಲ್ಲಗೆ ಪಕ್ಕದ ಪುಲ್ಲಿಗೆ ದಾಟಿಸುತ್ತಾರೆ. ಹೊಲದ ಬದುವಿಗೆ ಬಾಯಿ ಹಾಕಿದ ದನವನ್ನು ಬೈಯದೆ ಈಚೆಗೆ ತಿರುಗಿಸುವ ಹಾಗೆ. ಬೆಲ್ಟಿನ ಹೊಲಿಗೆ ಪುಲ್ಲಿಯ ಮೇಲೆ ಹಾದಾಗಲೆಲ್ಲ ಟಪ್, ಟಪ್ ಅನ್ನುತ್ತದೆ. ಅವರ ಎದೆಯೆತ್ತರದ, ಕಬ್ಬಿಣ ಕಡೆಯುವ ಆ ಕಪ್ಪು ಲೇತು ಮೈಮುರಿದು ತಿರುಗಲು ಶುರುಮಾಡುತ್ತದೆ. ಅದರ ಹಿತ್ತಾಳೆಯ ಹೆಸರು ಬಿಲ್ಲೆ ಸವೆದು ನುಣ್ಣಗಾಗಿದೆ. ಯಾವ ದೇಶದ್ದು, ಯಾವ ಕಾಲದ್ದು, ಹೇಳುವವರು ಯಾರೂ ಉಳಿದಿಲ್ಲ.

ಅದರ ತಿರುಗುವ ಹಿಡಿಯಲ್ಲಿ, ಅಂದರೆ ಚಕ್ಕಿನಲ್ಲಿ, ಕಚ್ಚಿಕೊಂಡಿರುವುದು ಗೇಣುದ್ದದ ಕಬ್ಬಿಣದ ಸರಳು. ಕಡೆಯುವ ಟೂಲು ತಾಗಿದ್ದೇ ತಡ, ನೀಲಿ ಬಣ್ಣದ ಸುರುಳಿ ಎದ್ದು ಅವರ ಮುಂಗೈ ಸವರಿ ಕೆಳಗೆ ಬೀಳುತ್ತದೆ. ಸ್ವಲ್ಪ ಹೊತ್ತು ಕಡೆದು ಬೆಲ್ಟನ್ನು ಖಾಲಿ ಪುಲ್ಲಿಗೆ ತಳ್ಳಿ ಲೇತು ನಿಲ್ಲಿಸುತ್ತಾರೆ. ನಿಲ್ಲಿಸಿದವರು ಕಡೆದ ಸರಳನ್ನು ನೋಡುವುದಿಲ್ಲ. ಕತ್ತು ಓರೆ ಮಾಡಿ ಒಳಮನೆಯ ಕಡೆ ಕಿವಿ ಕೊಡುತ್ತಾರೆ. ಒಳಗಿಂದ ಏನೂ ಕೇಳುವುದಿಲ್ಲ. ಮತ್ತೆ ಕೋಲು ಕೈಗೆತ್ತಿಕೊಳ್ಳುತ್ತಾರೆ.

ಒಳಮನೆಯಲ್ಲಿ ಒಂದು ಮಗ್ಗ ಮತ್ತೆ ಎದ್ದು ನಿಲ್ಲಬೇಕಾಗಿದೆ. ಹೆಂಡತಿ ಗೀತಮ್ಮನವರ ಮಗ್ಗ. ಸೀರೆ ಸುತ್ತಿಕೊಳ್ಳುವ ಮರದ ದಿಂಡಿನ ಎರಡು ತುದಿಗೂ ಕಬ್ಬಿಣದ ಪಿನ್ನು ಬೇಕು, ಹಳೆಯವು ತುಕ್ಕು ತಿಂದು ಹೋಗಿವೆ. ಅದನ್ನು ಕ್ಯಾತಣ್ಣ ತಮ್ಮ ಕೈಯಾರೆ ಕಡೆದು ಕೊಡಬೇಕು. ಕೇಳಲಿಕ್ಕೆ ಇಷ್ಟೇ. ಆದರೆ ಈ ಇಬ್ಬರ ನಡುವೆ ಇಷ್ಟಕ್ಕೇ ದೊಡ್ಡದೊಂದು ಕಥೆ ನಡೆದುಹೋಗಿದೆ.

ಕ್ಯಾತಣ್ಣ ಮೂಲತಃ ಚಳ್ಳಕೆರೆ ಸೀಮೆಯವರು. ಮೀಸೆ ಚಿಗುರುವ ಮೊದಲೇ ಎಣ್ಣೆ ಗಿರಣಿಯಲ್ಲಿ ಮೂಟೆ ಹೊರಲು ಸೇರಿದವರು. ಬಸ್ಸಿಳಿದರೆ ಊರಿಗೆ ಊರೇ ಶೇಂಗಾ ಎಣ್ಣೆಯ ವಾಸನೆ ಹೊಡೆಯುತ್ತಿದ್ದ ಕಾಲ ಅದು. ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಈ ಲೇತು ಇತ್ತು. ಗಾಣದ ಯಂತ್ರಗಳ ಶಾಫ್ಟು, ಬುಶ್ಶು ಸವೆದರೆ ಅಲ್ಲೇ ರಿಪೇರಿ. ಅದರ ಮುಂದೆ ನಿಲ್ಲುತ್ತಿದ್ದವರು ಟರ್ನರ್ ಕಲ್ಲೇಶಪ್ಪ. ಗಿರಣಿಗೆಲ್ಲ ಅವರು ಉಸ್ತಾದ್. ಸೂರಿನಡಿ ಉದ್ದಕ್ಕೆ ಓಡುತ್ತಿದ್ದ ಒಂದೇ ಶಾಫ್ಟಿನಿಂದ ಎಲ್ಲ ಯಂತ್ರಗಳಿಗೂ ಬೆಲ್ಟು ಇಳಿದಿರುತ್ತಿತ್ತು, ಲೇತಿಗೂ ಅಲ್ಲಿಂದಲೇ. ಊಟದ ಬಿಡುವಿನಲ್ಲಿ ಕ್ಯಾತಣ್ಣ ಮೂಟೆ ಇಳಿಸಿ ಬಂದು ಅದರ ಮುಂದೆ ನಿಲ್ಲುತ್ತಿದ್ದರು.

"ಕಣ್ಣು ಮುಚ್ಚಲೇ ಅನ್ನೋರು ಉಸ್ತಾದರು," ಎಂದು ನೆನೆಯುತ್ತಾರೆ. "ಟೂಲ್ ಚೆನ್ನಾಗಿ ತಿಂತಾ ಐತೋ ಇಲ್ವೋ ಸದ್ದಲ್ಲೇ ಗೊತ್ತಾಗ್ಬೇಕು. ಮೊದ್ಲು ಕಿವಿ ಕೊಡು, ನೋಡೋದು ಆಮೇಲೆ ಅನ್ನೋರು. ಎಷ್ಟೋ ದಿನ ನನಗೆ ಹ್ಯಾಂಡ್ಲು ಮುಟ್ಟಕ್ಕೇ ಬಿಟ್ಟಿಲ್ಲ. ಬರೀ ಕೇಳ್ಸವ್ರೆ."

ಕೊನೆಗೊಂದು ದಿನ ಹ್ಯಾಂಡಲ್ಲು ಕೈಗೆ ಬಂತು. ಕೈ ಪಳಗುವ ಹೊತ್ತಿಗೆ ಉಸ್ತಾದ್ ತೀರಿಕೊಂಡರು. ಅವರ ಹಿಂದೆಯೇ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹೊರದೇಶದ ಅಗ್ಗದ ಎಣ್ಣೆ ಬಂದು ಇಲ್ಲಿನ ಎಣ್ಣೆಯನ್ನು ನುಂಗಿತು. ಅದಕ್ಕೆ ಯಾರು ಹೊಣೆ ಅಂತ ಯಾರೂ ಯಾರನ್ನೂ ಕೇಳಲಿಲ್ಲ, ಕೇಳಬೇಕಾದವರ ಅಡುಗೆಮನೆಯಲ್ಲಿ ಎಣ್ಣೆ ಇದ್ದೇ ಇತ್ತಲ್ಲ. ಕ್ಯಾತಣ್ಣ ಮೊಳಕಾಲ್ಮೂರಿನ ಗೀತಮ್ಮನವರನ್ನು ಮದುವೆಯಾಗಿ ಆ ಮನೆಗೇ ಬಂದು ನೆಲೆಸಿದರು, ರಾಂಪುರದ ರಸ್ತೆಯ ವೆಲ್ಡಿಂಗ್ ಅಂಗಡಿಗೆ ಕೂಲಿಗೆ ಸೇರಿದರು. ಕಿಟಕಿಗೆ ಸರಳು, ಟ್ರಾಲಿಗೆ ಕೊಂಡಿ, ಗೇಟಿಗೆ ಹೂವು. ಇವತ್ತಿಗೂ ಬಿಸಿಲೇರಿದ ಮೇಲೆ ಅವರ ಕೆಲಸ ಅದೇ.

ಆದರೆ ಮನಸ್ಸು ಆ ಶೆಡ್ಡಿನಲ್ಲೇ ಸಿಕ್ಕಿಕೊಂಡಿತ್ತು. ಯಾವ ನೆಪಕ್ಕೆ ಚಳ್ಳಕೆರೆಗೆ ಹೋದರೂ ಬೀಗ ಬಿದ್ದ ಗಿರಣಿಯ ಹಿಂಬದಿಗೆ ಹೋಗಿ ಬರುತ್ತಿದ್ದರು. ಶೆಡ್ಡಿನ ತಗಡು ಹಾರಿ ಲೇತು ಬೇವಿನ ಮರದಡಿ ಮಳೆಬಿಸಿಲಿಗೆ ನಿಂತಿತ್ತು. ತುಕ್ಕು ಹಿಡಿಯಬಾರದಲ್ಲ. ಮಷಿನ್ ಆಯಿಲ್ ಎಲ್ಲಿಂದ ಬರಬೇಕು? ಗಿರಣಿಯ ತೊಟ್ಟಿಯ ತಳದಲ್ಲಿ ಶೇಂಗಾ ಎಣ್ಣೆಯ ಗಸಿ ಮಿಕ್ಕಿತ್ತು. ಅದನ್ನೇ ಬಟ್ಟೆಯಲ್ಲಿ ಅದ್ದಿ ಮೈಗೆಲ್ಲ ಸವರಿ, ಬೇರಿಂಗಿನ ತೂತಿಗೂ ಹುಯ್ದು ಬರುತ್ತಿದ್ದರು. ತೊಟ್ಟಿ ಬರಿದಾದ ಮೇಲೆ ಮನೆಯ ಎಣ್ಣೆ ಡಬ್ಬಿಯಿಂದ ಒಂದು ಸಣ್ಣ ಬಾಟಲಿ ತುಂಬಿಕೊಂಡು ಬಸ್ಸು ಹತ್ತುತ್ತಿದ್ದರು.

"ಮೊದ್‌ಮೊದ್ಲು ನಾನು ಯಾವಳಿಗೋ ತಲೆಗೆ ಹಚ್ಚಕ್ಕೆ ಹೊತ್ಕೊಂಡ್ ಹೋಗ್ತಾರೆ ಅನ್ಕಂಡಿದ್ದೆ," ಎನ್ನುತ್ತಾರೆ ಗೀತಮ್ಮ, ನಗದೆ. "ಆಮೇಲೆ ಗೊತ್ತಾತು. ಅವಳಾಗಿದ್ರೇ ವಾಸಿ ಇತ್ತು. ಇದಕ್ಕೆ ಬೇಸರ ಬಂದು ಬಿಟ್ಟು ಹೋಗೋ ಬುದ್ಧಿನೂ ಇಲ್ಲ."

ಗಿರಣಿಯ ಜಾಗವನ್ನು ಸೈಟು ಮಾಡುವ ಕಾಲ ಬಂತು. ಗುಜರಿಯವರು ಗ್ಯಾಸ್ ಕಟರ್ ತಂದು ನಿಂತ ದಿನ ಸುದ್ದಿ ಕೇಳಿ ಕ್ಯಾತಣ್ಣ ಓಡಿದರು. ಹೋಗಿ ಲೇತಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಗಿರಣಿಯ ಯಜಮಾನರ ಮಗ ಶಾಂತವೀರಪ್ಪ ಕುರ್ಚಿಯಲ್ಲಿ ಕೂತಿದ್ದವರು ನೋಡಿದರು.

"ಲೇ ಕ್ಯಾತಾ, ಯಾಕಲೇ ಅಡ್ಡ ನಿಂತೀಯಾ? ಅದೇನು ನಿಮ್ಮವ್ವನಾ?"

"ಅವ್ವ ಅಲ್ಲ ಸಾವ್ಕಾರ್ರೆ. ಆದ್ರೂ ಇಷ್ಟು ವರ್ಷ ಎಣ್ಣೆ ಹಚ್ಚೀನಿ."

"ಎಣ್ಣೆ ನಮ್ದೇ ಅಲ್ವೇನಲೇ?"

"ಎಣ್ಣೆ ನಿಮ್ದು. ಹಚ್ಚಿದ ಕೈ ನಂದು."

ಶಾಂತವೀರಪ್ಪ ಗುಜರಿಯವನಿಗೆ ಬೇರೆ ಕಡೆ ಕೈ ತೋರಿಸಿದರಂತೆ. "ತಗಂಡ್ ಹೋಗು. ಮಗ್ಗದ ಊರಿಗೆ ಲೇತು ಹೊತ್ತೋನು ನೀನೊಬ್ನೇ ಇರ್ಬೇಕು."

ತಳಕು ಊರು ದಾಟಿ ಟ್ರ್ಯಾಕ್ಟರಿನ ಮೇಲೆ ಬರುವಾಗ ಕ್ಯಾತಣ್ಣ ಟ್ರಾಲಿಯಲ್ಲೇ ಅದನ್ನು ತಬ್ಬಿಕೊಂಡು ಕೂತಿದ್ದರು. ಇಳಿಸಿದ ಮೇಲೆ ಚಕ್ಕು ಹಿಡಿದು ತಿರುಗಿಸಿದರೆ ಅಲ್ಲಾಡಲಿಲ್ಲ. ಅಡುಗೆ ಎಣ್ಣೆ ಕಬ್ಬಿಣದ ಮೇಲೆ ನಿಂತು ನಿಂತು ಅಂಟಾಗುತ್ತದೆ. ವರ್ಷಗಟ್ಟಲೆ ಹುಯ್ದ ಎಣ್ಣೆ ಬೇರಿಂಗಿನೊಳಗೆ ಬೆಲ್ಲದ ಪಾಕದ ಹಾಗೆ ಹೆಪ್ಪುಗಟ್ಟಿ ಲೇತಿನ ಕೀಲು ಕೀಲನ್ನೂ ಬೆಸೆದುಬಿಟ್ಟಿತ್ತು. ಪ್ರೀತಿಯಿಂದ ಉಣ್ಣಿಸಿದ್ದೇ ಗಂಟಲಿಗೆ ಸಿಕ್ಕಿಕೊಂಡಿತ್ತು. ಡೀಸೆಲ್ಲಿನಲ್ಲಿ ನೆನೆಸಿ, ಕೆರೆದು, ಮತ್ತೆ ನೆನೆಸಿ ಕ್ಯಾತಣ್ಣ ಹಿತ್ತಿಲಲ್ಲಿ ಕೂತಿದ್ದರೆ, ಗೀತಮ್ಮ ಹಿಂದೆ ನಿಂತು ಹೇಳಿದರಂತೆ: "ಸಾಸಿವೆ ಕರಿಬೇವು ತರ್ಲಾ? ಒಗ್ಗರಣೆ ಒಂದೇ ಬಾಕಿ ಐತೆ."

ಅಂಟು ಕೆರೆದಂತೆ ಕೆಳಗಿನ ಉಕ್ಕು ಕಾಣಿಸಿತು. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಒಂದು ಚುಕ್ಕೆ ತುಕ್ಕಿಲ್ಲ.

ಇನ್ನು ಅದಕ್ಕೆ ಜಾಗ ಬೇಕು. ಮನೆ ಅಂದರೆ ಒಂದು ಅಡುಗೆಕೋಣೆ, ಒಂದು ಒಳಮನೆ. ಒಳಮನೆಯ ಕಿಟಕಿಯ ಪಕ್ಕದಲ್ಲಿ ಮಗ್ಗದ ಗುಂಡಿ. ನೇಯುವವರು ನೆಲದ ಮಟ್ಟದಲ್ಲಿ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ತುಳಿಯುವ ಮಗ್ಗ ಅದು. ಗೀತಮ್ಮನವರ ಅವ್ವ ಅದರಲ್ಲಿ ಕೂತು ನೇಯ್ದವರು. ಅವ್ವನ ಮೊಣಕಾಲು ಮಡಿಸಲಾಗದೆ ಹೋದ ದಿನದಿಂದ ಅಲ್ಲಿ ಗೀತಮ್ಮ ಕೂತರು. ರೇಷ್ಮೆ, ಜರಿ, ಅಂಚಿನಲ್ಲಿ ನವಿಲು. ಆಮೇಲೆ ಯಂತ್ರದಲ್ಲಿ ಮಾಡಿದ ನಕಲಿ ಸೀರೆಗಳು ಇದೇ ಊರಿನ ಹೆಸರು ಹೊತ್ತು ಅಂಗಡಿ ಸೇರಿದವು. ನೂಲು ಕೊಟ್ಟು ನೇಯಿಸುತ್ತಿದ್ದ ಯಜಮಾನ ನೂಲು ನಿಲ್ಲಿಸಿದ. ಊರಿನ ಸೀರೆಗೆ ಸರ್ಕಾರದ ಗುರುತಿದೆ, ಹೆಸರಿದೆ. ನೇಯ್ದವಳ ಹೆಸರು ಯಾವ ಅಂಚಿನಲ್ಲಿದೆ? ಕೈಮಗ್ಗದ ದಿನ ಅಂತ ವರ್ಷಕ್ಕೊಂದು ದಿನ ವೇದಿಕೆ, ಒಂದು ಶಾಲು, ಒಂದು ಫೋಟೊ. ಶಾಲೂ ಮಿಲ್ಲಿನದ್ದೇ. ಗೀತಮ್ಮ ಮಗ್ಗ ಬಿಚ್ಚಿ ಮರವನ್ನೆಲ್ಲ ಅಟ್ಟಕ್ಕೇರಿಸಿ, ಮಂದಿಯ ಮಗ್ಗಗಳಿಗೆ ಕಂಡಿಕೆ ಸುತ್ತಿಕೊಡುವ ಕೆಲಸಕ್ಕೆ ಕೂತರು. ಲಾಳಿಯೊಳಗಿಡುವ ಪುಟ್ಟ ಕಡ್ಡಿಗೆ ನೂಲು ಸುತ್ತುವುದು. ಅದು ಮುದುಕಿಯರು, ಹುಡುಗಿಯರು ಮಾಡುವ ಕೆಲಸ. ನೇಯುವ ಕೈಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

"ಆ ಗುಂಡಿ ಮುಚ್ಚಿಸಿಬಿಡು, ಮಷಿನ್ ಅಲ್ಲಿಡ್ತೀನಿ ಅಂದೆ," ಎನ್ನುತ್ತಾರೆ ಕ್ಯಾತಣ್ಣ. "ಸೈಜುಗಲ್ಲು ಹಾಕಿ ಚೆನ್ನಾಗಿ ದಮ್ಮಸ್ಸು ಮಾಡ್ಸು ಅಂತ ಹೇಳಿ ಬೆಲ್ಟು ಹುಡುಕಕ್ಕೆ ಚಳ್ಳಕೆರೆಗೆ ಹೋದೆ. ಬರೋ ಹೊತ್ತಿಗೆ ಮುಚ್ಚಿತ್ತು. ಮೇಲೆ ಕಡಪ ಕಲ್ಲು ಹಾಸಿ ಸಾರ್ಸಿದ್ಲು. ಎಷ್ಟು ಚೆನ್ನಾಗಿ ಮಾಡಿದೀಯ ಅಂದೆ. ಹೂಂ ಅಂದ್ಲು."

ಆ ಕಲ್ಲಿನ ಮೇಲೆ ಲೇತು ಕೂತಿತು. ಅದಕ್ಕೆ ಜೀವ ಬರಿಸುವುದೇ ಒಂದು ಸಾಹಸ. ಅದು ಸ್ವಂತ ಮೋಟರೇ ಇಲ್ಲದ, ಗಿರಣಿಯ ಶಾಫ್ಟನ್ನು ನಂಬಿ ಬದುಕಿದ್ದ ಯಂತ್ರ. ಮನೆಗಿರುವುದು ದೀಪಕ್ಕೆ, ಫ್ಯಾನಿಗೆ ಸಾಕಾಗುವ ಒಂದೆಳೆ ಕರೆಂಟು. ಕಾರ್ಖಾನೆಯ ಕರೆಂಟು ಕೊಡಿ ಅಂತ ಕೇಳಲು ಹೋದರೆ ಮನೆಯಲ್ಲಿ ಕಾರ್ಖಾನೆ ಯಾಕೆ ಅಂದರು, ಕಾರ್ಖಾನೆಗೆ ಜಾಗ ಕೇಳಿದರೆ ಮನೆಯಲ್ಲೇ ಇಟ್ಟುಕೋ ಅಂದರು. ಅಲ್ಲಿ ಕುದಾಪುರದ ಕಡೆ ಈ ಸೀಮೆಯ ದನ ಮೇಯುತ್ತಿದ್ದ ಹುಲ್ಲುಗಾವಲಿನಲ್ಲಿ ವಿಜ್ಞಾನದ ದೊಡ್ಡ ದೊಡ್ಡ ಸಂಸ್ಥೆಗಳು ಎದ್ದು ನಿಂತಿವೆ, ರಾತ್ರಿಯೆಲ್ಲ ದೀಪ ಉರಿಯುತ್ತದೆ. ಉರಿಯಲಿ, ದೇಶಕ್ಕೆ ಅದೂ ಬೇಕು. ಆದರೆ ಅಲ್ಲಿ ಗಟ್ಟಿಯಾಗಿರುವ ಕರೆಂಟು ಈ ಕೇರಿಯ ತಲೆಯ ಮೇಲೇ ಯಾಕೆ ತೆಳ್ಳಗಾಗಬೇಕು?

ಕೂತು ಅಳುವ ಪೈಕಿ ಅಲ್ಲ ಕ್ಯಾತಣ್ಣ. ಮುಚ್ಚಿಹೋದ ಖಾರದಪುಡಿ ಗಿರಣಿಯೊಂದರಿಂದ ಮನೆ ಕರೆಂಟಿಗೇ ಓಡುವ ಮೋಟರು ತಂದರು. ಅದರ ವೇಗ ಈ ಮುದಿ ಲೇತಿಗೆ ವಿಪರೀತ. ನಡುವೆ ಮೇವು ಕತ್ತರಿಸುವ ಯಂತ್ರದ ದೊಡ್ಡ ಚಕ್ರವೊಂದನ್ನು ಕೂರಿಸಿ ಆ ಓಟವನ್ನು ನಡಿಗೆಗೆ ಇಳಿಸಿದರು. ಒಮ್ಮೆಲೇ ಭಾರ ಬಿದ್ದರೆ ಮೋಟರು ಉಸಿರು ಕಟ್ಟುತ್ತದೆ, ಅದಕ್ಕೇ ಖಾಲಿ ತಿರುಗುವ ಇನ್ನೊಂದು ಪುಲ್ಲಿ. ಹಳೇ ಅಕ್ಕಿ ಗಿರಣಿಯ ಬೆಲ್ಟಿನ ತುಂಡನ್ನು ಬಸ್ ಸ್ಟ್ಯಾಂಡಿನ ಚಪ್ಪಲಿ ಹೊಲಿಯುವವರ ಹತ್ತಿರ ಒಯ್ದರೆ ಅವರು ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಕೇಳಿದರು: "ಯಾವ ಆನೇದಣ್ಣ ಈ ಚಪ್ಪಲಿ? ಇನ್ನೊಂದು ಕಾಲಿಂದು ಎಲ್ಲಿ?"

ಮೊದಲ ಸಲ ಬೆಲ್ಟು ದಾಟಿಸಿದ ಸಂಜೆ ಕೇರಿಯ ದೀಪವೆಲ್ಲ ಮಂಕಾದವು. ಪಕ್ಕದ ಮನೆಯ ನೇಕಾರ ತಿಪ್ಪೇರುದ್ರ ಬನಿಯನ್ನಿನಲ್ಲೇ ಬಂದು ಬಾಗಿಲಲ್ಲಿ ನಿಂತರು. ಗೀತಮ್ಮನನ್ನು ಅಕ್ಕ ಅನ್ನುವವರು, ಹಾಗಾಗಿ ಕ್ಯಾತಣ್ಣ ಇವರಿಗೆ ಬಾವ. "ಬಾವಾ, ನಿನ್ ಮಷಿನ್ ಎದ್ರೆ ನಮ್ಮನೆ ಫ್ಯಾನ್ ಮಲಗುತ್ತಲ್ಲ. ಎರಡ್ರಲ್ಲಿ ಯಾವುದು ಯಾವಾಗ ಮಲಗ್ಬೇಕು ಅಂತ ಮಾತಾಡ್ಕೊಳ್ಳೋಣ." ಅಂದಿನಿಂದ ಕ್ಯಾತಣ್ಣನ ಕೆಲಸ ಬೆಳಗಿನ ಜಾವಕ್ಕೆ ಬಿತ್ತು. ಆಗ ಕರೆಂಟೂ ಗಟ್ಟಿ, ಕೇರಿಯೂ ಹೊದ್ದು ಮಲಗಿರುತ್ತದೆ.

ಮೊದಲ ಕೆಲಸ ಕೊಟ್ಟವರೂ ತಿಪ್ಪೇರುದ್ರನೇ. ಅವರ ಮಗ್ಗದ ದಿಂಡಿಗೊಂದು ಪಿನ್ನು. ಇಲ್ಲಿನ ಮಗ್ಗಗಳಿಗೆ ಬೇಕಾದ ಕಬ್ಬಿಣದ ಸಣ್ಣ ಸಾಮಾನು ಕೆಟ್ಟರೆ ಬಳ್ಳಾರಿಗೋ ಧರ್ಮಾವರಕ್ಕೋ ಹೋಗಬೇಕು, ಹೋಗಿ ಬರುವವರೆಗೆ ಮಗ್ಗ ಮಲಗಿರಬೇಕು. ಕ್ಯಾತಣ್ಣ ಉಮೇದಿನಿಂದ ಕಡೆದು ಕೊಟ್ಟರು. ತಿಪ್ಪೇರುದ್ರ ಅದನ್ನು ತೂತಿಗೆ ಇಳಿಸಿದರೆ ಅರ್ಧಕ್ಕೆ ಹೋಗಿ ಕಚ್ಚಿಕೊಂಡಿತು. ಈಚೆಗೆ ಎಳೆದು ಕಣ್ಣಿನ ನೇರಕ್ಕೆ ಹಿಡಿದು ನೋಡಿ ಅವರು ಕೇಳಿದ್ದು ಒಂದೇ ಮಾತು: "ಇದೇನು ಬಾವಾ, ಪಿನ್ನೋ ಮೂಲಂಗಿಯೋ?"

ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಲೇತಿನ ಬೆಡ್ಡು, ಅಂದರೆ ಅದರ ಉದ್ದನೆಯ ಬೆನ್ನು, ಒಂದು ಚೂರು ತಿರುಚಿಕೊಂಡರೂ ಹೀಗಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಾಕು. ಅದನ್ನು ಅಳೆಯುವ ಸಾಧನ ಕ್ಯಾತಣ್ಣನ ಹತ್ತಿರ ಇರಲಿಲ್ಲ, ಇದ್ದ ಒಂದು ಹಳೇ ವರ್ನಿಯರ್ ಅಳತೆಕೋಲಿನ ದವಡೆ ಸವೆದು ಹೋಗಿತ್ತು. ಸರಳನ್ನು ಕೈಯಲ್ಲಿ ಹೊರಳಿಸುತ್ತಾ ಕೂತಿದ್ದಾಗ, ಜಗಲಿಯಲ್ಲಿ ಕಂಡಿಕೆ ಸುತ್ತುತ್ತಿದ್ದ ಗೀತಮ್ಮ ಕೈ ಚಾಚಿದರು. "ತರ್ರಿ ಇಲ್ಲಿ."

ಒಂದು ರೇಷ್ಮೆ ಎಳೆ ತೆಗೆದು ಸರಳಿನ ಒಂದು ತುದಿಗೆ ಒತ್ತೊತ್ತಾಗಿ ನೂರು ಸುತ್ತು ಸುತ್ತಿದರು. ಅಷ್ಟೇ ಸುತ್ತು ಇನ್ನೊಂದು ತುದಿಗೆ. ಎಣಿಕೆ ಮಾತ್ರ ಅವರಿಗೆ ತೆಲುಗಿನಲ್ಲೇ ಬರುವುದು, ಅವ್ವ ಹಾಗೆ ಕಲಿಸಿದ್ದು: ಒಕಟಿ, ರೆಂಡು, ಮೂಡು. ಆಮೇಲೆ ಎರಡೂ ಎಳೆ ಬಿಚ್ಚಿ ಜೋಡಿಸಿ ಹಿಡಿದರು. ಒಂದು ಎಳೆ ಇನ್ನೊಂದಕ್ಕಿಂತ ಒಂದು ಬೆರಳಗಲ ಉದ್ದ ಇತ್ತು. ಒಂದು ಸುತ್ತಿನಲ್ಲಿ ಅಡಗುವ ವ್ಯತ್ಯಾಸ ನೂರು ಸುತ್ತಿನಲ್ಲಿ ಬೆರಳಷ್ಟು ಬೆಳೆದಿತ್ತು.

ಕ್ಯಾತಣ್ಣ ಲೇತಿನ ಒಂದು ಕಾಲಿನಡಿ ತಗಡಿನ ಚೂರು ತುರುಕಿ ಎತ್ತರಿಸಿದರು. ಮತ್ತೆ ಕಡೆದರು, ಗೀತಮ್ಮ ಮತ್ತೆ ಸುತ್ತಿದರು. ಎಳೆಗಳು ಹತ್ತಿರ ಬಂದವು. ಒಂದು ವಾರ ಕಳೆಯುವುದರೊಳಗೆ ಮತ್ತೆ ಮೂಲಂಗಿ. ಮತ್ತೊಂದು ತಗಡು. ಮತ್ತೆ ಅದೇ. ಎಷ್ಟು ಸಲ ಸರಿಮಾಡಿದರೂ ಅಷ್ಟು ಸಲ ತಪ್ಪಿತು. ಪ್ರತಿ ಸಲ ಎಳೆ ಜೋಡಿಸಿ ಹಿಡಿದಾಗಲೂ ಗೀತಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು.

"ಬೆಡ್ಡೇ ಕೆಟ್ಟೋಗೈತೆ ಅನ್ಕಂಡೆ," ಎನ್ನುತ್ತಾರೆ ಕ್ಯಾತಣ್ಣ. "ಬೇವಿನ ಮರದಡಿ ಅಷ್ಟು ವರ್ಷ ವಾಲಿ ನಿಂತಿತ್ತಲ್ಲ, ಬೆನ್ನು ತಿರುಚ್ಕೊಂಡೈತೆ. ನಾನು ಮೇಲ್ ಮೇಲೆ ಎಣ್ಣೆ ಸವರ್ತಾ ಕುಂತೆ, ಒಂದು ದಿನ ಆದ್ರೂ ಕಾಲಡಿಗೆ ಕಲ್ಲಿಟ್ಟು ನೆಟ್ಟಗೆ ನಿಲ್ಸಲಿಲ್ಲ. ಗುಜರಿಯೋನಿಗೆ ಫೋನ್ ಹಚ್ಚಿ ನಾಳೆ ಬಾರಪ್ಪ, ಒಯ್ದುಬಿಡು ಅಂದೆ. ಕಣ್ಮುಂದೆ ಇಟ್ಕೊಂಡು ನೋಡಕ್ಕೆ ಆಗ್ತಿರ್ಲಿಲ್ಲ."

ಗೀತಮ್ಮ ಫೋನಿನ ಮಾತು ಒಲೆಯ ಮುಂದೆ ಕೂತು ಕೇಳಿಸಿಕೊಂಡರು. ರೊಟ್ಟಿ ತಟ್ಟುವುದು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು.

"ಬರಬ್ಯಾಡ ಅನ್ರಿ ಅವನಿಗೆ. ಬೆಡ್ಡು ಸರಿ ಐತೆ."

"ನಿಂಗೇನ್ ಗೊತ್ತು?"

"ನೆಲ ಸರಿ ಇಲ್ಲ. ಗುಂಡಿಗೆ ಕಲ್ಲು ಹಾಕ್ಸಿಲ್ಲ ನಾನು. ಮರಳು ಹಾಕ್ಸೀನಿ. ಚೀಲದಲ್ಲಿ ತುಂಬ್ಸಿ ಇಡ್ಸೀನಿ."

ಕ್ಯಾತಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಲೇತಿನ ಎರಡು ಕಾಲು ಗಟ್ಟಿ ನೆಲದ ಮೇಲೆ, ಎರಡು ಕಾಲು ಮರಳಿನ ಮೇಲೆ ನಿಂತಿದ್ದವು. ಯಂತ್ರ ತಿರುಗಿದಷ್ಟೂ ಮರಳು ಕುಸಿಯುತ್ತಿತ್ತು, ತಗಡು ತುರುಕಿದಷ್ಟೂ ಇಳಿಯುತ್ತಿತ್ತು.

"ಮರಳು ಯಾಕೆ ಹಾಕ್ಸಿದೆ?"

"ಕಲ್ಲು ಹಾಕಿ ದಮ್ಮಸ್ಸು ಮಾಡಿದ್ರೆ ಮತ್ತೆ ತೆಗೆಯಕ್ಕೆ ಬರುತ್ತಾ?"

ಆಗಲೂ ಅವರಿಗೆ ಹೊಳೆದದ್ದು ಅರ್ಧವೇ. "ಮೊದ್ಲೇ ಹೇಳೋದಲ್ವಾ?" ಅಂದರು.

"ಕೇಳಿದ್ರಾ?" ಗೀತಮ್ಮನವರ ದನಿ ಏರಲಿಲ್ಲ. "ಗುಂಡಿ ಮುಚ್ಚಿಸು ಅಂದ್ರಿ, ಮುಚ್ಚಿಸ್ದೆ. ನಿಂಗೆ ಅದು ಬೇಕೇನೇ ಅಂತ ಕೇಳಿದ್ರಾ?"

ಕೇಳಿರಲಿಲ್ಲ. ತಾನು ಒಂದು ಯಂತ್ರಕ್ಕೋಸ್ಕರ ಬಾಟಲಿಯಲ್ಲಿ ಎಣ್ಣೆ ಹೊತ್ತು ಬಸ್ಸು ಹತ್ತುತ್ತಿದ್ದ ಅಷ್ಟೂ ವರ್ಷ, ಆ ಎಣ್ಣೆ ಡಬ್ಬಿ ಬರಿದಾಗುವುದನ್ನು ನೋಡುತ್ತಿದ್ದವಳು ತೆರೆದ ಗುಂಡಿಯ ಪಕ್ಕದಲ್ಲೇ ಕಂಡಿಕೆ ಸುತ್ತುತ್ತಿದ್ದಳು ಎಂಬುದು ಅವರಿಗೆ ಅವತ್ತು ಕಂಡಿತು. ಇನ್ನೊಂದು ಮಾತೂ ಅವರನ್ನು ಕೊರೆಯಿತು. ಅದನ್ನೂ ಕೇಳಿದರು.

"ಎಳೆ ಸುತ್ತಿದೋಳು ನೀನೇ. ಒಂದು ಸುತ್ತು ಹೆಚ್ಚು ಕಮ್ಮಿ ಸುತ್ತಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಸಮ ಐತೆ ಅನ್ಕಂಡು ಸುಮ್ನಿರ್ತಿದ್ದೆ."

"ಸುತ್ತಕ್ಕೆ ಕುಂತ ಮ್ಯಾಲೆ ಕಮ್ಮಿ ಸುತ್ತಕ್ಕೆ ನಂಗೆ ಬರಲ್ಲ," ಅಂದವರೇ ಗೀತಮ್ಮ ಒಳಗೆ ಹೋದರು. ರೊಟ್ಟಿ ಹೊತ್ತುತ್ತಿತ್ತು.

ಕ್ಯಾತಣ್ಣ ಅವತ್ತು ವೆಲ್ಡಿಂಗ್ ಅಂಗಡಿಗೆ ಹೋಗಲಿಲ್ಲ. ಹಿತ್ತಿಲಲ್ಲಿ ಅತ್ತಿಂದಿತ್ತ ತಿರುಗಿದರು. ಮೊಳಕಾಲ್ಮೂರು ಬಂಡೆಯ ಊರು. ಗುದ್ದಲಿ ಎಲ್ಲಿ ಬಿದ್ದರೂ ಕಿಡಿ ಹಾರುತ್ತದೆ. ಈ ಮನೆಯ ಹಿತ್ತಿಲಲ್ಲೂ ಬೆಟ್ಟದ್ದೇ ಒಂದು ಕಾಲು ನೆಲದಿಂದ ಎದ್ದು ಚಪ್ಪಟೆಯಾಗಿ ಹಾಸಿಕೊಂಡಿದೆ. ಮೂರು ತಲೆಮಾರಿನ ಹೆಂಗಸರು ಅದರ ಮೇಲೆ ಬಟ್ಟೆ ಒಗೆದಿದ್ದಾರೆ. ಎಷ್ಟು ಬಡಿದರೂ ಅದು ಕುಸಿದಿಲ್ಲ. ಕ್ಯಾತಣ್ಣ ಅದರ ಮೇಲೆ ನಿಂತು ಹಿಮ್ಮಡಿಯಿಂದ ಎರಡು ಸಲ ಗುದ್ದಿ ನೋಡಿದರು. ಆಮೇಲೆ ತಿಪ್ಪೇರುದ್ರನನ್ನು ಕೂಗಿ ಕರೆದರು.

"ಮತ್ತೆ ಎಲ್ಲಿಗೆ ಬಾವಾ ಮೆರವಣಿಗೆ?"

"ಬಂಡೆ ಮೇಲಕ್ಕೆ."

"ಅಕ್ಕ ಬಟ್ಟೆ ಎಲ್ಲಿ ಒಗೀಬೇಕು?"

"ಬಟ್ಟೆ ನಾನು ಒಗೀತೀನಿ. ನೀನು ಹಗ್ಗ ಹಿಡಿ."

ಬಂಡೆಗೆ ತೂತು ಕೊರೆದು, ಬೋಲ್ಟು ಇಳಿಸಿ, ನಾಲ್ಕು ಕಾಲನ್ನೂ ಕಲ್ಲಿಗೇ ಬಿಗಿದರು. ಮೋಟರು, ಮೇವಿನ ಯಂತ್ರದ ಚಕ್ರ, ಖಾಲಿ ಪುಲ್ಲಿ ಎಲ್ಲವೂ ಹಿತ್ತಿಲಿಗೆ ಬಂದವು. ಮೇಲೆ ತಗಡು ಬಿತ್ತು, ತಗಡಿನಡಿ ತಂತಿ ಬಲ್ಬು ಬಂತು. ಮೊದಲ ಬೆಳಗ್ಗೆ ಕಡೆದ ಸರಳನ್ನು ಗೀತಮ್ಮ ಒಗೆಯುವ ಕಲ್ಲಿನ ಅಂಚಿನಲ್ಲೇ ಕೂತು ಸುತ್ತಿದರು. ಎಳೆ ಬಿಚ್ಚಿ ಜೋಡಿಸಿದರೆ ವ್ಯತ್ಯಾಸ ಎಳ್ಳುಕಾಳಿನಷ್ಟು. ಕ್ಯಾತಣ್ಣ ಕಾಲಡಿಗೆ ಸಿಗರೇಟು ಪ್ಯಾಕಿನ ತೆಳು ಹಾಳೆ ಇಟ್ಟು ಮತ್ತೆ ಬಿಗಿದರು. ಅದಾಗಿ ಒಂದು ಮಳೆಗಾಲ ಕಳೆದಿದೆ. ಎಳೆಗಳು ಇವತ್ತಿಗೂ ಜೊತೆಗೇ ಮುಗಿಯುತ್ತವೆ.

ತಿಪ್ಪೇರುದ್ರನ ಮಗ್ಗಕ್ಕೆ ಮೂಲಂಗಿ ಹೋಗಿ ಪಿನ್ನು ಬಂದಿದೆ. ಕೇರಿಯ ಬೇರೆ ಮಗ್ಗಗಳಿಂದಲೂ ಬುಶ್ಶು, ರಾಟೆಯ ಕದಿರು ಬರುತ್ತಿರುತ್ತವೆ. ಕೆಲವು ವಾರ ಕೈತುಂಬ, ಕೆಲವು ವಾರ ಏನೂ ಇಲ್ಲ. ಕೆಲಸ ಇಲ್ಲದ ದಿನಗಳಲ್ಲಿ ಕ್ಯಾತಣ್ಣ ಒಳಮನೆಯ ಕಡಪ ಕಲ್ಲು ಎಬ್ಬಿಸಿ, ಮರಳಿನ ಚೀಲಗಳನ್ನು ಒಂದೊಂದಾಗಿ ಎತ್ತಿ ಹಿತ್ತಿಲಿಗೆ ಹಾಕಿದರು. ಗುಂಡಿಯ ಗೋಡೆ ಒಂದು ಚೂರೂ ಕೆಟ್ಟಿರಲಿಲ್ಲ. ಅವ್ವನ ಕಾಲು ತಾಗಿ ತಾಗಿ ನುಣುಪಾದ ಜಾಗ ಹಾಗೇ ಇತ್ತು. ಗೀತಮ್ಮ ಅದರೊಳಗೆ ಕಾಲಿಳಿಬಿಟ್ಟು ಕೂತರು. ಹುರಿಗಾಳು ತಿನ್ನುತ್ತಾ ಸುಮ್ಮನೆ ಕೂತೇ ಇದ್ದರು. ಆಮೇಲೆ ಅಟ್ಟದಿಂದ ಮರ ಇಳಿಯಿತು. ಕಂಬ, ಹಲಗೆ, ದಿಂಡು. ಒಂದೊಂದನ್ನೂ ಒರೆಸಿ, ಹಗ್ಗ ಕಟ್ಟಿ, ಅದರದರ ಜಾಗಕ್ಕೆ ಕೂರಿಸಿದ್ದಾರೆ. ಇನ್ನು ಪಿನ್ನೆರಡು ಬಾಕಿ.

ಪಿನ್ನಿನ ಆಚೆಗೆ ಇನ್ನೊಂದು ಬಾಕಿ ಇದೆ. ನೂಲು. ಯಜಮಾನ ಕೊಡುತ್ತಾನೋ ಇಲ್ಲವೋ ತಿಳಿಯದು. ದೀಪಾವಳಿ ಕಳೆಯಲಿ, ಒಂದು ಸೀರೆಯ ನೂಲಾದರೂ ಕೊಡಿಸುತ್ತೇನೆ ಎಂದು ತಿಪ್ಪೇರುದ್ರ ಹೇಳಿದ್ದಾರೆ. ಹೇಳಿದವರ ಮಗ್ಗಕ್ಕೇ ಎರಡು ತಿಂಗಳಿಂದ ನೂಲು ಸರಿಯಾಗಿ ಬಂದಿಲ್ಲ. ಇದನ್ನೆಲ್ಲ ಬಲ್ಲವರು ಗೀತಮ್ಮ, ಆದರೂ ಬೆಳಗಾದರೆ ಖಾಲಿ ಮಗ್ಗದ ಧೂಳು ಹೊಡೆಯುತ್ತಾರೆ.

ಸೂರ್ಯ ಬೆಟ್ಟದ ನೆತ್ತಿಗೆ ಬರುವ ಹೊತ್ತಿಗೆ ಎರಡನೆಯ ಪಿನ್ನೂ ಮುಗಿದಿದೆ. ಕ್ಯಾತಣ್ಣ ಬೆಲ್ಟನ್ನು ಖಾಲಿ ಪುಲ್ಲಿಗೆ ತಳ್ಳಿ, ಪಿನ್ನುಗಳನ್ನು ಒರೆಸಿ, ಪಂಚೆಯ ಚುಂಗಿನಲ್ಲಿ ಹಿಡಿದು ಒಳಗೆ ಹೋಗುತ್ತಾರೆ. ದಿಂಡಿನ ಎರಡು ತುದಿಗೂ ಅವನ್ನು ಕೂರಿಸುತ್ತಾರೆ. ಎಲ್ಲೂ ಕಚ್ಚಿಕೊಳ್ಳುವುದಿಲ್ಲ. ಗೀತಮ್ಮ ದಿಂಡನ್ನು ಒಂದು ಬೆರಳಿನಲ್ಲಿ ತಳ್ಳಿದರೆ ಅದು ತಾನಾಗಿ ಒಂದು ಸುತ್ತು ಹೊರಳಿ ನಿಲ್ಲುತ್ತದೆ.

"ಹೆಂಗೈತೆ?"

"ಹೋಗ್ರಿ, ಕರೆಂಟ್ ಇರೋವಾಗ್ಲೇ ಮಂದಿ ಕೆಲ್ಸ ಮುಗಿಸ್ಕಳ್ರಿ," ಎನ್ನುತ್ತಾರೆ ಗೀತಮ್ಮ, ಮುಖ ತಿರುಗಿಸಿಕೊಂಡು.

ಏನು ಆಸೆ ಇದೆ ಎಂದು ಕೇಳಿದರೆ ಕ್ಯಾತಣ್ಣ ತಲೆ ಕೆರೆದುಕೊಳ್ಳುತ್ತಾರೆ. "ದೊಡ್ಡದೇನಿಲ್ಲ. ಹೊತ್ತಾರೆ ನಾನು ಇಲ್ಲಿ ಬೆಲ್ಟ್ ಹಾಕ್ಬೇಕು, ಅಲ್ಲಿ ಅವಳು ಮಗ್ಗ ಹೊಡೀಬೇಕು. ಎರಡೂ ಸದ್ದು ಒಟ್ಟಿಗೆ ಕೇಳ್ಬೇಕು. ಈ ಮನೇಲಿ ಇಷ್ಟು ವರ್ಷ ಇದೀನಿ, ಒಂದಿದ್ರೆ ಇನ್ನೊಂದು ಇರ್ಲಿಲ್ಲ."

ಅಷ್ಟು ಹೇಳಿ ಜಾಲಿ ಕೋಲು ಎತ್ತಿಕೊಂಡವರ ಕೈ ಹಾಗೇ ನಿಲ್ಲುತ್ತದೆ. ಒಳಮನೆಯಿಂದ ಒಂದು ಸದ್ದು. ನೂಲು ಬಡಿಯುವ ಹಲಗೆಯನ್ನು ಯಾರೋ ಎಳೆದು ಬಿಟ್ಟ ಸದ್ದು. ನೂಲೇ ಇಲ್ಲದ ಮಗ್ಗದಲ್ಲಿ ಅದು ಬರಿದಾಗಿ, ಒಣಕಲಾಗಿ ಕೇಳುತ್ತದೆ. ಸ್ವಲ್ಪ ತಡೆದು ಇನ್ನೊಂದು ಸಲ. ಆಮೇಲೆ ಕಾಲು ತುಳಿದ ಸದ್ದೂ ಸೇರಿಕೊಂಡು ಲಯ ಹಿಡಿಯುತ್ತದೆ.

ಕ್ಯಾತಣ್ಣ ಒಳಗೆ ಹೋಗಿ ನೋಡುವುದಿಲ್ಲ. ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, ಬೆಲ್ಟನ್ನು ದಾಟಿಸುತ್ತಾರೆ. ಟಪ್, ಟಪ್ ಎಂದು ಅದೂ ಶುರುವಾಗುತ್ತದೆ.

"ಸದ್ದು ಬಂತಲ್ಲ," ಎನ್ನುತ್ತಾರೆ. "ನೂಲು ಆಮೇಲೆ ಬರ್ಲಿ."